ದೀಪ ಹಚ್ಚುವ ಹೊತ್ತಿನ ಪ್ರಾರ್ಥನೆ

ಹಾಸನಕ್ಕೆ ನೆಂಟರು ಬಂದರೆ ಮೊದಲೆಲ್ಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದು ಕರೆದುಕೊಂಡು ಹೋಗುತ್ತಿದ್ದೆವು. ಈಗ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದೇ ಶೆಟ್ಟಿಹಳ್ಳಿಯ ಚರ್ಚನ್ನು. ಹಾಸನದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಹೇಮಾವತಿಯ ಹಿನ್ನೀರಿನ ಅಂಚಿಗೆ, ಸೂರಿಲ್ಲದ ಗೋಡೆಗಳೂ ಎತ್ತರದ ಕಮಾನುಗಳೂ ನಿಂತಿವೆ. ಮಳೆಗಾಲದಲ್ಲಿ ನೀರು ಏರಿ ಗೋಡೆಗಳನ್ನು ಸುತ್ತುವರಿಯುತ್ತದೆ. ಬೇಸಿಗೆಯಲ್ಲಿ ಕಾಲುನಡಿಗೆಯಲ್ಲೇ ಒಳಗೆ ಹೋಗಬಹುದು. ಫೋಟೋ ತೆಗೆಸಿಕೊಂಡು ಬಂದವರೆಲ್ಲ, "ಪಾಪ, ಎಂಥ ಕಟ್ಟಡ ಹಾಳಾಯಿತು" ಎನ್ನುತ್ತಾರೆ. ಗೋಡೆಗಳ ಮಾತು ಹಾಗಿರಲಿ. ಅವುಗಳ ನಡುವೆ ದಿನವೂ ಸೇರುತ್ತಿದ್ದ ಜನ, ಅವರ ಪ್ರಾರ್ಥನೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ನಾನು ಹುಟ್ಟಿದ್ದು ದಕ್ಷಿಣ ಭಾರತ ಸಭೆಗೆ ಸೇರಿದ ಮನೆಯಲ್ಲಿ. ಉಪಾಧ್ಯಾಯಿನಿಯಾಗಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ವರ್ಗವಾಗುತ್ತಾ ಕೊನೆಗೆ ಹಾಸನದಲ್ಲಿ ನಿವೃತ್ತಳಾದೆ. ಈ ನಾಲ್ಕು ಊರುಗಳಲ್ಲಿ ಕ್ರೈಸ್ತರ ಮನೆಗಳು ಬಹಳ ಕಡಿಮೆ. ಹಾಗಿರುವಲ್ಲಿ ಸೇರಿ ಪ್ರಾರ್ಥಿಸುವುದು ತಾನಾಗಿ ನಡೆಯುವ ಕೆಲಸವಲ್ಲ. ಯಾರೋ ಒಬ್ಬರು ಅದನ್ನು ಮಿಕ್ಕ ಕೆಲಸಗಳಿಗಿಂತ ಮುಂದೆ ಇಡಬೇಕು. ಹಾಗೆ ಇಟ್ಟವರು ಯಾರು ಎಂದು ಹುಡುಕುತ್ತಾ ಹೋದರೆ, ಹೆಚ್ಚಾಗಿ ಎದುರಾಗುವವರು ಹೆಂಗಸರೇ.

ಈ ಸೀಮೆಯ ಕಥೆ ಒಬ್ಬ ಫ್ರೆಂಚ್ ಪಾದ್ರಿಯವರಿಂದ ಶುರುವಾಗುತ್ತದೆ. ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಹಾಸನದ ಹತ್ತಿರ ಬೇಸಾಯಗಾರರ ಒಂದು ನೆಲೆ ಕಟ್ಟಿದರು. ಸಿಡುಬಿಗೆ ಲಸಿಕೆ ಹಾಕಿಸಿದರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಸೋಜಿಗವೆಂದರೆ, 1823ರಲ್ಲಿ ತಾಯ್ನಾಡಿಗೆ ಮರಳಿದ ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ, ಈ ನೆಲದಲ್ಲಿ ಕ್ರೈಸ್ತ ಧರ್ಮ ಬೇರೂರುತ್ತದೆಂಬ ಭರವಸೆಯೇ ಇಲ್ಲ. ಆದರೆ ಸುಮಾರು ನಲವತ್ತು ವರ್ಷ ಕಳೆಯುವಷ್ಟರಲ್ಲಿ, 1860ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳೇ ಶೆಟ್ಟಿಹಳ್ಳಿಯಲ್ಲಿ ಆ ದೊಡ್ಡ ದೇವಾಲಯವನ್ನು ಎಬ್ಬಿಸಿದರು. ದುಬುವಾ ನಂಬದಿದ್ದುದನ್ನು ಹಳ್ಳಿಯ ಸಂಸಾರಗಳು ಉಳಿಸಿಕೊಂಡು ಬಂದಿದ್ದವು.

ಹೇಗೆ ಉಳಿಸಿಕೊಂಡವು? ಆ ದೇವಾಲಯದ ಹೆಸರಿನಲ್ಲೇ ಉತ್ತರವಿದೆ. ಅದು ಜಪಮಾಲೆ ಮಾತೆಯ ದೇವಾಲಯ. ಆ ಕಾಲದಲ್ಲಿ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಪಾದ್ರಿಗಳು ಪೀಠದ ಮುಂದೆ ಹೇಳುತ್ತಿದ್ದರು, ಜನ ಮೊಣಕಾಲೂರಿ ಸುಮ್ಮನಿರುತ್ತಿದ್ದರು. ಜಪಸರ ಹಾಗಲ್ಲ. ಅದು ಮನೆಮಾತಿನ ಪ್ರಾರ್ಥನೆ. ಹತ್ತು ಹತ್ತು ಮಣಿಗಳ ಐದು ಸುತ್ತು. ಒಬ್ಬರು ಮೊದಲರ್ಧ ಹೇಳಿದರೆ ಉಳಿದವರು ಕೊನೆಯರ್ಧ ಹೇಳಿ ಮುಗಿಸಬೇಕು. ಓದು ಬರಹ ಬೇಡ, ಪುಸ್ತಕ ಬೇಡ, ಪಾದ್ರಿಗಳೂ ಬೇಡ. ಬೇಕಾದುದು ಇನ್ನೊಂದು ದನಿ ಮಾತ್ರ. ಕೊಟ್ಟಿಗೆಗೆ ದನ ಕಟ್ಟಿ, ದೀಪ ಹಚ್ಚಿ, ಒಲೆಯ ಮೇಲೆ ಎಸರಿಟ್ಟು, ಮಕ್ಕಳನ್ನು ಕೂರಿಸಿಕೊಂಡು ಅಜ್ಜಿ ಆರಂಭಿಸಿದರೆ ಆಯಿತು.

ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರ ಹೊತ್ತಿಗೆ ಅಣೆಕಟ್ಟೆಯ ಕೆಲಸ ಮುಗಿದು, ಸುಮಾರು 8,500 ಹೆಕ್ಟೇರ್ ನೆಲ ಜಲಾಶಯದ ಪಾಲಾಯಿತು. ಹೊಲ, ಮನೆ, ಗುಡಿ, ಚರ್ಚು ಎಂದು ನೀರು ಭೇದ ಮಾಡಲಿಲ್ಲ. ಜನ ಬೇರೆ ಬೇರೆ ಕಡೆಗೆ ಹೋದರು. ಹಾಗೆ ಮುಳುಗಡೆಯಾದ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಹಾಸನದಲ್ಲಿ ನಮ್ಮ ಬೀದಿಯಲ್ಲಿದ್ದರು. "ದೇವಾಲಯ ಹೋದಾಗ ಬಹಳ ಸಂಕಟ ಆಯಿತಾ ಅಜ್ಜಿ?" ಎಂದು ಒಮ್ಮೆ ಕೇಳಿದೆ. ಅವರು ಹೇಳಿದ್ದು ಇಷ್ಟು: "ಗೋಡೆಗೆ ಅತ್ತೆವು ಕಣಮ್ಮ, ನಿಜ. ಆದರೆ ಅದಕ್ಕಿಂತ ಪಕ್ಕದ ಮನೆಯವಳು ಬೇರೆ ಊರಿಗೆ ಹೋದಳಲ್ಲ, ಅದು ಜಾಸ್ತಿ ಸಂಕಟ. ಸಂಜೆ ಜಪಸರಕ್ಕೆ ಅವಳೇ ಜೊತೆ. ಹೊಸ ಜಾಗದಲ್ಲಿ ಮೊದಲು ಹುಡುಕಿದ್ದು ನೀರಿನ ಬಾವಿ, ಆಮೇಲೆ ಜಪಕ್ಕೆ ಜೊತೆ." ಎಷ್ಟೋ ಉಪದೇಶ ಕೇಳಿದ್ದೇನೆ. ಸೇರಿ ಪ್ರಾರ್ಥಿಸುವುದಕ್ಕೆ ಎಷ್ಟನೆಯ ಸ್ಥಾನ ಕೊಡಬೇಕೆಂದು ಇಷ್ಟು ಚೊಕ್ಕವಾಗಿ ಹೇಳಿದವರಿಲ್ಲ.

ನಮ್ಮ ಕಡೆಯವರ, ಅಂದರೆ ಪ್ರಾಟೆಸ್ಟೆಂಟರ ಕಥೆಯಲ್ಲೂ ಒಂದು ಅಡುಗೆಮನೆ ಇದೆ. ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಹೆಂಡತಿ ಸುಸಾನಾ ವೆಸ್ಲಿ. ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು, ಉಳಿದದ್ದು ಹತ್ತು. 1711-12ರ ಚಳಿಗಾಲದಲ್ಲಿ ಗಂಡ ಸಭೆಯ ಕೆಲಸಕ್ಕೆಂದು ಲಂಡನ್ನಿಗೆ ಹೋದಾಗ, ಭಾನುವಾರ ಸಂಜೆ ಮಕ್ಕಳನ್ನೂ ಕೆಲಸದವರನ್ನೂ ಕೂರಿಸಿಕೊಂಡು ಆಕೆ ಪ್ರಾರ್ಥನೆ ನಡೆಸಿದಳು. ನೆರೆಯವರು ಬಂದರು, ಅವರ ನೆರೆಯವರೂ ಬಂದರು, ಸಂಖ್ಯೆ ಇನ್ನೂರಕ್ಕೆ ಏರಿತು. ಗಂಡನ ಬದಲಿಗಿದ್ದ ಪಾದ್ರಿಗೆ ಇದು ಹಿಡಿಸಲಿಲ್ಲ. ದೂರು ಲಂಡನ್ನಿಗೆ ಹೋಯಿತು. ನಿಲ್ಲಿಸಬಾರದೇ ಎಂದು ಗಂಡ ಬರೆದ. ಬರೀ ಸಲಹೆ ಕೊಟ್ಟರೆ ಸಾಲದು, ನಿಲ್ಲಿಸು ಎಂದು ಅಪ್ಪಣೆಯನ್ನೇ ಮಾಡಿ, ನಾಳೆ ದೇವರ ಮುಂದೆ ಅದರ ಲೆಕ್ಕ ನೀವೇ ಒಪ್ಪಿಸಬೇಕಾಗುತ್ತದೆ ಎಂಬರ್ಥದಲ್ಲಿ ಆಕೆ ಉತ್ತರ ಕೊಟ್ಟಳು. ಗಂಡ ಅಪ್ಪಣೆ ಮಾಡಲಿಲ್ಲ. ಆ ಕೂಟದಲ್ಲಿ ಕೂತ ಎಂಟು ವರ್ಷದ ಮಗ ಜಾನ್ ವೆಸ್ಲಿಯೇ ಮುಂದೆ ಮೆಥೊಡಿಸ್ಟ್ ಪಂಥವನ್ನು ಕಟ್ಟಿದ್ದು.

ಆ ಪಂಥದ ವಾರದ ಕೂಟ ಹುಟ್ಟಿದ ಬಗೆಯೂ ತಮಾಷೆಯಾಗಿದೆ. 1742ರಲ್ಲಿ ಬ್ರಿಸ್ಟಲ್ ಊರಿನ ಪ್ರಾರ್ಥನಾ ಮಂದಿರದ ಮೇಲೆ ಸಾಲವಿತ್ತು. ಹನ್ನೆರಡು ಜನಕ್ಕೊಬ್ಬ ಮುಖಂಡ, ವಾರಕ್ಕೆ ತಲೆಗೆ ಒಂದು ಪೆನ್ನಿ ವಸೂಲಿ ಎಂದು ಏರ್ಪಾಡಾಯಿತು. ಮನೆ ಮನೆಗೆ ಹೋದವರಿಗೆ ಒಳಗಿನ ಕಾಯಿಲೆ, ಕುಡಿತ, ಜಗಳಗಳೂ ಕಂಡವು. ವಸೂಲಿಯ ಗುಂಪು ವಾರಕ್ಕೊಮ್ಮೆ ಕೂತು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವ ಗುಂಪಾಯಿತು. ಮುಖಂಡರಲ್ಲಿ ಹೆಂಗಸರೂ ಇದ್ದರು. 1821ರಲ್ಲಿ ಬೆಂಗಳೂರಿಗೆ ಬಂದ ವೆಸ್ಲಿಯನ್ ಮಿಷನ್ ಇದೇ ಪದ್ಧತಿಯನ್ನು ಹೊತ್ತು ತಂದಿತು. ಹಾಸನದವರಿಗೆ ಗೊತ್ತಿರುವ ರೆಡ್‌ಫರ್ನ್ ಆಸ್ಪತ್ರೆ ಆ ಮಿಷನ್ನಿನ ಪರಂಪರೆಯದೇ. ಮಿಷನ್ ಆಸ್ಪತ್ರೆಗಳಲ್ಲಿ ಬೆಳಗಿನ ಕೆಲಸ ಆರಂಭವಾಗುತ್ತಿದ್ದುದು ಪ್ರಾರ್ಥನೆಯಿಂದ. ಡಾಕ್ಟರೂ ನರ್ಸೂ ಆಯಾಳೂ ಅಲ್ಲಿ ಒಟ್ಟಿಗೆ ಕೂರುತ್ತಿದ್ದರು.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಶೆಟ್ಟಿಹಳ್ಳಿಯ ಅಜ್ಜಿಯ ಕಡೆಯವರೂ ನಮ್ಮ ಕಡೆಯವರೂ ಒಂದೇ ಜಿಲ್ಲೆಯಲ್ಲಿದ್ದು, ಒಂದೇ ಸಂತೆಯಲ್ಲಿ ತರಕಾರಿ ಕೊಂಡು, ಒಟ್ಟಿಗೆ ಪ್ರಾರ್ಥಿಸುತ್ತಿರಲಿಲ್ಲ. 1917ರ ಕಥೋಲಿಕ ಸಭೆಯ ಕಾನೂನು ಬೇರೆ ಪಂಗಡದವರ ಆರಾಧನೆಯಲ್ಲಿ ಭಾಗವಹಿಸುವುದನ್ನು ನಿಷೇಧಿಸಿತ್ತು. ನಮ್ಮ ಕಡೆಯವರೂ ಜಪಸರವನ್ನು ಕಂಡರೆ ಮೂಗು ಮುರಿಯುವವರೇ. ಮೊದಲು ಒಂದಾದವರು ಪ್ರಾಟೆಸ್ಟೆಂಟರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರೂ ಮೆಥೊಡಿಸ್ಟರೂ ಮೊದಲೇ ಕೂಡಿಕೊಂಡಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರೂ ಸೇರಿ ದಕ್ಷಿಣ ಭಾರತ ಸಭೆಯಾಯಿತು. 1964ರ ನವೆಂಬರ್ 21ರಂದು ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ ಇನ್ನೊಂದು ಬಾಗಿಲು ತೆರೆಯಿತು. ಐಕ್ಯಕ್ಕಾಗಿ ಬೇರೆ ಕ್ರೈಸ್ತರೊಡನೆ ಕೂಡಿ ಪ್ರಾರ್ಥಿಸುವುದು ಒಳ್ಳೆಯದೆಂದು ಅಲ್ಲಿಂದಲೇ ಹೇಳಿಕೆ ಬಂತು. 1908ರಲ್ಲಿ ಶುರುವಾಗಿದ್ದ ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ವಾರವನ್ನು 1968ರಿಂದ ಎರಡೂ ಕಡೆಯವರು ಕೂಡಿ ಸಿದ್ಧಪಡಿಸುತ್ತಿದ್ದಾರೆ. 2013ರ ಪ್ರಾರ್ಥನೆಗಳನ್ನು ಸಿದ್ಧಪಡಿಸಿದ್ದು ನಮ್ಮ ದೇಶದ ಕ್ರೈಸ್ತ ವಿದ್ಯಾರ್ಥಿಗಳು. ಅವರು ಆರಿಸಿಕೊಂಡ ವಿಷಯ ದಲಿತರ ಮೇಲಿನ ಅನ್ಯಾಯ. ಪಂಗಡ ಬಿಟ್ಟರೂ ಜಾತಿ ಬಿಡದೆ ಕೂತ ಪ್ರಾರ್ಥನೆ ಪ್ರಾರ್ಥನೆಯೇ ಎಂದು ಅವರು ನಮ್ಮನ್ನೆಲ್ಲ ಕೇಳಿದಂತಿತ್ತು.

ಆದರೆ ಹೆಂಗಸರು ಇವರಿಗೆಲ್ಲ ಕಾಯದೆ ಹೊರಟಿದ್ದರು. 1887ರಲ್ಲಿ ಅಮೆರಿಕದ ಮೇರಿ ಎಲೆನ್ ಜೇಮ್ಸ್ ಎಂಬಾಕೆ ತನ್ನ ಸಭೆಯ ಹೆಂಗಸರಿಗೆ, ವರ್ಷಕ್ಕೊಂದು ದಿನ ಒಟ್ಟಾಗಿ ಪ್ರಾರ್ಥಿಸೋಣ ಎಂದು ಕರೆ ಕೊಟ್ಟಳು. ಬೇರೆ ಸಭೆಗಳ ಹೆಂಗಸರು ಕೂಡಿಕೊಂಡರು. 1927ರಲ್ಲಿ ಅದು ವಿಶ್ವ ಪ್ರಾರ್ಥನಾ ದಿನವಾಯಿತು. ಈಗ ಮಾರ್ಚಿಯ ಮೊದಲ ಶುಕ್ರವಾರ ಅದನ್ನು ಆಚರಿಸುತ್ತಾರೆ. ಪ್ರತಿ ವರ್ಷ ಒಂದು ದೇಶದ ಹೆಂಗಸರು ಪ್ರಾರ್ಥನೆ ಬರೆಯುತ್ತಾರೆ, ಮಿಕ್ಕ ದೇಶದವರು ಅದನ್ನೇ ಹೇಳುತ್ತಾರೆ. 2024ರಲ್ಲಿ ಬರೆದವರು ಪ್ಯಾಲೆಸ್ಟೈನಿನ ಹೆಂಗಸರು. ಯುದ್ಧದ ನಡುವಿನ ತಾಯಂದಿರ ಮಾತನ್ನು ನಮ್ಮ ಬಾಯಲ್ಲಿ ಹೇಳಿದಾಗ ಪೇಪರಿನ ಸುದ್ದಿ ಬರೀ ಸುದ್ದಿಯಾಗಿ ಉಳಿಯುವುದಿಲ್ಲ.

ಇದೆಲ್ಲ ದೊಡ್ಡ ದೊಡ್ಡ ಸಭೆಗಳ ಇತಿಹಾಸ. ನಾನು ಕಣ್ಣಾರೆ ಕಂಡದ್ದು ಅರಕಲಗೂಡಿನ ಒಂದು ಬಾಡಿಗೆ ಮನೆಯ ಹಜಾರದ ಇತಿಹಾಸ. ಅಲ್ಲಿ ನಾವಿದ್ದದ್ದು ಐದಾರು ಸಂಸಾರ. ಮಂಗಳೂರು ಕಡೆಯಿಂದ ಬಂದ ಬ್ಯಾಂಕಿನವರ ಮನೆಯವರು ಕಥೋಲಿಕರು. ಕೇರಳದ ನರ್ಸಮ್ಮ ಸಿರಿಯನ್ ಸಭೆಯವರು. ಉಳಿದವರು ನಮ್ಮಂಥವರು. ಪಂಗಡದ ಲೆಕ್ಕ ಹಿಡಿದರೆ ಯಾರಿಗೂ ಜೊತೆಯೇ ಇಲ್ಲ. ಹಾಗಾಗಿ ಗುರುವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಯಾರ ಮನೆಯೋ ಅವರ ಪದ್ಧತಿ, ಇನ್ನೊಬ್ಬರು ತಿದ್ದುವಂತಿಲ್ಲ. ಕೊನೆಯಲ್ಲಿ ಯೇಸು ಕಲಿಸಿದ ಪ್ರಾರ್ಥನೆಯನ್ನು ಅವರವರ ಭಾಷೆಯಲ್ಲಿ ಒಟ್ಟಿಗೆ ಹೇಳುವುದು. ಕನ್ನಡ, ಕೊಂಕಣಿ, ಮಲಯಾಳ ಸೇರಿ ಮೊದಲ ದಿನ ಸಂತೆಯ ಗದ್ದಲದಂತಿತ್ತು. ಆರು ತಿಂಗಳಲ್ಲಿ ಎಲ್ಲರೂ ಒಂದೇ ಉಸಿರಿಗೆ ಮುಗಿಸುತ್ತಿದ್ದೆವು.

ಒಮ್ಮೆ ಎರಡು ಮನೆಗಳ ನಡುವೆ ಕೈಸಾಲದ ವಿಷಯಕ್ಕೆ ಮಾತು ನಿಂತಿತು. ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಿದ್ದರು. ಆದರೂ ಇಬ್ಬರೂ ಗುರುವಾರ ತಪ್ಪಿಸಲಿಲ್ಲ. ಅಂಥದೊಂದು ಸಂಜೆ ಒಬ್ಬಾಕೆಯ ಮಗು ಜ್ವರದಿಂದ ಮಲಗಿತ್ತು. ಪ್ರಾರ್ಥನೆ ನಡೆಸುವ ಸರದಿ ಇನ್ನೊಬ್ಬಾಕೆಯದು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮಗುವಿನ ಹೆಸರು ಹೇಳಿದಳು. ಸಾಲ ತೀರಿದ್ದು ಎಷ್ಟೋ ದಿನದ ಮೇಲೆ. ಮಾತು ಮಾತ್ರ ಅಂದೇ ಶುರುವಾಯಿತು.

ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ದೊಡ್ಡ ಸಭೆಯೊಂದರಲ್ಲಿ ಬೇರೆಯದನ್ನೂ ಕಂಡೆ. ಕಮಿಟಿ ಚುನಾವಣೆಗೆ ಕುರ್ಚಿ ಸಾಲುತ್ತಿರಲಿಲ್ಲ, ಪ್ರಾರ್ಥನಾ ಕೂಟಕ್ಕೆ ನಾಲ್ಕು ಜನ. ಕಟ್ಟಡದ ನಿಧಿ, ವಾರ್ಷಿಕೋತ್ಸವ, ಮೈಕು ಸೆಟ್ಟು ಎಲ್ಲ ಮುಗಿದು ಹೊತ್ತು ಉಳಿದರೆ ಪ್ರಾರ್ಥನೆ. ಹೊತ್ತು ಉಳಿಯುವುದೇ ಇಲ್ಲ. ಮನೆಗಳಲ್ಲೂ ದೀಪ ಹಚ್ಚುವ ಹೊತ್ತು ಮೊದಲು ಟೀವಿಯ ಪಾಲಾಯಿತು, ಆಮೇಲೆ ಟ್ಯೂಷನ್, ಈಗ ಕೈಯಲ್ಲಿನ ಫೋನು. ಇದು ಕ್ರೈಸ್ತರ ಮನೆಯ ಕಥೆ ಮಾತ್ರವಲ್ಲವೆಂದು ಸಂಜೆ ಭಜನೆ ನಿಂತುಹೋದ ಮನೆಗಳವರೂ ಒಪ್ಪುತ್ತೀರಿ.

ಮತ್ತೆ ಆರಂಭಿಸಬೇಕೆನ್ನುವವರಿಗೆ ಅರಕಲಗೂಡಿನ ಒಂದು ನಿಯಮ ಹೇಳಿ ಮುಗಿಸುತ್ತೇನೆ. ಮೊದಮೊದಲು ಯಾರ ಮನೆಯಲ್ಲಿ ಕೂಟವೋ ಆಕೆ ಕಾಫಿ, ಉಪ್ಪಿಟ್ಟು ಎಂದು ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು. ಅವಳ ಮನೆಯ ಪ್ರಾರ್ಥನೆಗೆ ಅವಳೇ ಇಲ್ಲ. ಅದನ್ನು ಕಂಡು ನರ್ಸಮ್ಮ, "ಇನ್ನು ಮೇಲೆ ಕಾಫಿ ಬೇಡ, ನೀರು ಸಾಕು. ಒಲೆ ಆರಿಸಿ ಬನ್ನಿ" ಎಂದರು. ಅಂದಿನಿಂದ ಹಜಾರದ ಮಧ್ಯೆ ಒಂದು ಚೊಂಬು ನೀರು, ಒಂದು ಲೋಟ. ಮನೆಯಾಕೆಯೂ ನಮ್ಮೊಡನೆ ಚಾಪೆಯ ಮೇಲೆ ಕೂರುವಂತಾಯಿತು.