ಹಳೆಯ ಕಾರಿನ ಮುಂದಿನ ದೀಪ, ಹಿಂದಿನ ದೀಪ

ಹಿಂದೆಲ್ಲ ರಾತ್ರಿ ಪ್ರಯಾಣಕ್ಕೆ ಹೊರಟ ಎತ್ತಿನ ಗಾಡಿಯ ಅಡಿಯಲ್ಲಿ ಒಂದು ಕಂದೀಲು ತೂಗಾಡುತ್ತಿತ್ತು. ಅದರ ಬೆಳಕಿನಲ್ಲಿ ದಾರಿ ಕಾಣುತ್ತಿತ್ತೆಂದು ಯಾರೂ ಹೇಳಲಾರರು. ದಾರಿ ಎತ್ತುಗಳಿಗೆ ಗೊತ್ತಿತ್ತು. ಗಾಡಿಯವನು ಎಷ್ಟೋ ಸಲ ನಿದ್ದೆಯಲ್ಲೇ ಇರುತ್ತಿದ್ದ. ಕಂದೀಲು ಇದ್ದದ್ದು ಎದುರಿನಿಂದ, ಹಿಂದಿನಿಂದ ಬರುವವರಿಗೆ ‘ಇಲ್ಲೊಂದು ಗಾಡಿ ಇದೆ’ ಎಂದು ತಿಳಿಸುವುದಕ್ಕೆ. ಅಂದರೆ ವಾಹನದ ದೀಪಕ್ಕೆ ಎರಡು ಕೆಲಸ: ಒಂದು, ನಮಗೆ ದಾರಿ ತೋರಿಸುವುದು, ಇನ್ನೊಂದು, ನಮ್ಮನ್ನು ಬೇರೆಯವರಿಗೆ ತೋರಿಸುವುದು. ಮೋಟಾರಿನ ಚರಿತ್ರೆಯನ್ನು ನೋಡಿದರೆ ಮೊದಲನೆಯ ಕೆಲಸಕ್ಕೆ ಸಿಕ್ಕ ಗಮನ ಎರಡನೆಯದಕ್ಕೆ ಬಹುಕಾಲ ಸಿಗಲಿಲ್ಲ. ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತಿರುವುದು ಇದೇ.

ಹೈದರಾಬಾದಿನ ನಮ್ಮ ಕನ್ನಡ ಕುಟುಂಬಗಳಲ್ಲಿ ತಂದೆಯ ಕಾಲದ ಅಂಬಾಸಿಡರನ್ನೋ, ಫಿಯೆಟ್ಟನ್ನೋ ಮಾರಲು ಮನಸ್ಸಾಗದೆ ಉಳಿಸಿಕೊಂಡವರು ಇದ್ದಾರೆ. ಇಪ್ಪತ್ತು ವರ್ಷ ದಾಟಿದ ಬೇರೆ ಕಾರುಗಳನ್ನು ಓಡಿಸುತ್ತಿರುವವರಂತೂ ಇನ್ನೂ ಹೆಚ್ಚು. ಹಬ್ಬ ಬಂತೆಂದರೆ ಈ ಕಾರುಗಳೇ ಮಕ್ಕಳು ಮರಿಗಳನ್ನು ತುಂಬಿಕೊಂಡು ಜಹೀರಾಬಾದಿನ ಮೇಲೆ ಬೀದರಿಗೆ, ಮೆಹಬೂಬನಗರದ ಮೇಲೆ ರಾಯಚೂರಿಗೆ, ಕರ್ನೂಲು ಅನಂತಪುರಗಳ ಮೇಲೆ ಬೆಂಗಳೂರಿಗೆ ರಾತ್ರಿ ಹೊತ್ತು ಹೊರಡುತ್ತವೆ. ಆದ್ದರಿಂದ ಈ ದೀಪಗಳ ಕಥೆ ಕೇವಲ ಮಿಸ್ತ್ರಿಗಳಿಗೆ ಸಂಬಂಧಿಸಿದ್ದಲ್ಲ.

ಮೋಟಾರು ಹುಟ್ಟಿದಾಗ ಅದಕ್ಕೆ ತನ್ನದೇ ಆದ ದೀಪ ಇರಲಿಲ್ಲ. ಕುದುರೆ ಗಾಡಿಯ ಸೀಮೆಎಣ್ಣೆ ದೀಪಗಳನ್ನೇ ತಂದು ಕಟ್ಟಿದರು. ಆಮೇಲೆ ಬಂದದ್ದು ಕಾರ್ಬೈಡ್ ದೀಪ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ತೊಟ್ಟು ತೊಟ್ಟಾಗಿ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಅದನ್ನು ಉರಿಸಿದರೆ ಬಿಳಿಯಾದ ಪ್ರಖರ ಬೆಳಕು. ಈ ದೀಪಗಳನ್ನು ಮಾಡಿ ಮಾರಿ ಹಣ ಗಳಿಸಿದ ಫ್ರಾನ್ಸಿನ ಲೂಯಿ ಬ್ಲೇರಿಯೋ ಎಂಬಾತ ಆ ಹಣವನ್ನೆಲ್ಲ ವಿಮಾನದ ಹುಚ್ಚಿಗೆ ಸುರಿದು, 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದ. ಕಾರಿನ ದೀಪದಿಂದ ಆಕಾಶಕ್ಕೆ ಏರಿದವನು ಅವನೊಬ್ಬನೇ ಇರಬೇಕು!

ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೂ ತಲುಪಿದಾಗ, ರಸ್ತೆಯಲ್ಲಿ ಓಡುವ ಮೋಟಾರುಗಳಲ್ಲಿ ಬಹುಪಾಲು ಇನ್ನೂ ಎಣ್ಣೆಯನ್ನೋ ಅನಿಲವನ್ನೋ ಉರಿಸುತ್ತಿದ್ದವು. ಸ್ಟಾರ್ಟರು, ಡೈನಮೋ, ದೀಪ ಈ ಮೂರನ್ನೂ ಒಂದೇ ವಿದ್ಯುತ್ ವ್ಯವಸ್ಥೆಯಲ್ಲಿ ಜೋಡಿಸಿ ಮಾರಾಟಕ್ಕೆ ತಂದದ್ದು 1912ರ ಅಮೆರಿಕದ ಕ್ಯಾಡಿಲಾಕ್ ಕಾರು. ಅಲ್ಲಿಂದ ಮುಂದೆ ವಿದ್ಯುದ್ದೀಪವೇ ರೂಢಿಯಾಯಿತು. ಆದರೆ ಒಂದು ವ್ಯತ್ಯಾಸವಾಯಿತು. ಎಣ್ಣೆಯ ದೀಪ ತನ್ನಷ್ಟಕ್ಕೆ ತಾನು ಪೂರ್ಣ. ಎಣ್ಣೆ ಬತ್ತಿ ಇದ್ದರೆ ಉರಿಯುತ್ತದೆ. ವಿದ್ಯುದ್ದೀಪ ಹಾಗಲ್ಲ. ಅದು ಬ್ಯಾಟರಿ, ಡೈನಮೋ, ಸ್ವಿಚ್ಚು, ಫ್ಯೂಸು, ತಂತಿ ಎಲ್ಲರನ್ನೂ ನಂಬಿ ಬದುಕಬೇಕು.

ಆ ಕಾಲದ ಕಾರುಗಳನ್ನು ನೋಡಿದರೆ ಮುಂದೆ ಊಟದ ತಟ್ಟೆಯಷ್ಟು ದೊಡ್ಡ ಎರಡು ದೀಪ, ಹಿಂದೆ ನಂಬರಿನ ಹಲಗೆ ಕಾಣಲೆಂದು ಇಟ್ಟ ಒಂದು ಸಣ್ಣ ಕೆಂಪು ದೀಪ. ಮುಂದಿನ ದೀಪದ ಸುಧಾರಣೆ ಭರದಿಂದ ನಡೆಯಿತು. ಎದುರಿನವನ ಕಣ್ಣು ಕುಕ್ಕದಿರಲೆಂದು 1920ರ ದಶಕದಲ್ಲಿ ಎರಡು ತಂತುಗಳ ಬಲ್ಬು ಬಂತು. ಒಂದು ದೂರಕ್ಕೆ, ಇನ್ನೊಂದು ಡಿಪ್ಪಿಗೆ. 1940ರ ಮಾದರಿಗಳಿಂದ ಅಮೆರಿಕದಲ್ಲಿ ಗಾಜು, ಕನ್ನಡಿ, ತಂತು ಎಲ್ಲವನ್ನೂ ಸೇರಿಸಿ ಮುಚ್ಚಿದ ಏಳು ಇಂಚಿನ ದುಂಡು ದೀಪ ಕಡ್ಡಾಯವಾಯಿತು. 1962ರಲ್ಲಿ ಯೂರೋಪಿನ ಕಾರುಗಳಿಗೆ ಹ್ಯಾಲೊಜೆನ್ ಬಲ್ಬು ಬಂತು. 1971ರಲ್ಲಿ ದೂರ ಮತ್ತು ಡಿಪ್ಪು ಎರಡೂ ಇರುವ ಹ್ಯಾಲೊಜೆನ್ ಬಲ್ಬೇ ಬಂತು.

ಇನ್ನು ನಮ್ಮ ದೇಶದ ಕಾರುಗಳ ವಿಷಯ. ಮೂಸಿ ನದಿಯ 1908ರ ಮಹಾಪೂರದ ನಂತರ ಹೈದರಾಬಾದಿಗೆ ಬಂದು ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಯೋಜನೆ ಕೊಟ್ಟ ನಮ್ಮ ವಿಶ್ವೇಶ್ವರಯ್ಯನವರೇ 1930ರ ದಶಕದಲ್ಲಿ ವಿದೇಶದ ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿದರು. ವಾಲಚಂದ್ ಹೀರಾಚಂದರು ಅದಕ್ಕೆ ಕೈಗೂಡಿಸಿದರು. ಬ್ರಿಟಿಷ್ ಸರಕಾರ ಬೆಂಬಲ ಕೊಡದೆ ಕೆಲಸ ನಿಧಾನವಾಯಿತು. ಕೊನೆಗೆ 1944ರಲ್ಲಿ ವಾಲಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮುಂದೆ ಫಿಯೆಟ್ 1100 ಅಲ್ಲಿಂದಲೇ ಬಂತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಅತ್ತ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಿಂದ ತಯಾರಿಸಿತು. 1950ರ ದಶಕದ ಕೊನೆಗೆ ಶುರುವಾದ ಈ ಕಾರು ನಿಂತದ್ದು 2014ರ ಮೇ ತಿಂಗಳಲ್ಲಿ.

ಇಂಗ್ಲೆಂಡಿನ ಕಾರಿನ ಜೊತೆಗೆ ಇಂಗ್ಲೆಂಡಿನ ವಿದ್ಯುತ್ ಪದ್ಧತಿಯೂ ಬಂತು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಸ್ ಸೀಮೆಎಣ್ಣೆ ದೀಪ ಮಾರುತ್ತ ಬೆಳೆದವನು. ಅವನ ಸೈಕಲ್ ದೀಪದ ಹೆಸರು ‘ರಸ್ತೆಯ ರಾಜ’. ಅವನ ಹೆಸರಿನ ಕಂಪನಿಯೇ ಮುಂದೆ ಇಂಗ್ಲಿಷ್ ಕಾರುಗಳಿಗೆಲ್ಲ ದೀಪ, ಡೈನಮೋ ಒದಗಿಸಿತು. ಆ ಕಾರುಗಳನ್ನು ಇಟ್ಟುಕೊಂಡವರು ಬೇಸತ್ತು ಅದಕ್ಕೆ ‘ಕತ್ತಲೆಯ ರಾಜಕುಮಾರ’ ಎಂದು ಅಡ್ಡ ಹೆಸರಿಟ್ಟರು. ನಮ್ಮಲ್ಲಿ 1961ರಲ್ಲಿ ಮದರಾಸಿನಲ್ಲಿ ಲ್ಯೂಕಸ್–ಟಿವಿಎಸ್ ಸ್ಥಾಪನೆಯಾಯಿತು. ತಮಾಷೆ ಏನೇ ಇರಲಿ, ತೊಂದರೆಯ ಕಾರಣ ಒಬ್ಬ ಲ್ಯೂಕಸನಲ್ಲ. ಅದು ಆ ಕಾಲದ ಪದ್ಧತಿಯಲ್ಲೇ ಇತ್ತು.

ಹೇಗೆಂದು ನೋಡೋಣ. ಡೈನಮೋ ಎಂಬುದು ಎಂಜಿನ್ ವೇಗವಾಗಿ ತಿರುಗಿದರೆ ಮಾತ್ರ ಸರಿಯಾಗಿ ವಿದ್ಯುತ್ತು ಕೊಡುತ್ತದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ದೀಪ ಮಂಕಾಗಿ, ಹೊರಟಾಗ ಮತ್ತೆ ಬೆಳಗುವುದು ಇದರಿಂದ. 1960ರಿಂದೀಚೆಗೆ ಅಮೆರಿಕದಲ್ಲಿ ಮೊದಲಾದ ಆಲ್ಟರ್ನೇಟರು ಈ ಕೊರತೆಯನ್ನು ನೀಗಿತು. ಎರಡನೆಯದಾಗಿ, ಹೆಡ್‌ಲೈಟಿನ ಪೂರ್ತಿ ವಿದ್ಯುತ್ತು ಡ್ರೈವರನ ಎದುರಿನ ಸ್ವಿಚ್ಚಿನ ಮೂಲಕವೇ ಹಾದು ಹೋಗುತ್ತಿತ್ತು. ಹಳೆಯ ಅಂಬಾಸಿಡರಿನಲ್ಲಿ ಡಿಪ್ಪರಿನ ಗುಂಡಿ ಎಡಗಾಲಿನ ಬಳಿ ನೆಲದ ಮೇಲಿತ್ತು. ಚಪ್ಪಲಿಯ ಕೆಸರು, ಮಳೆಯ ನೀರು ಎಲ್ಲ ಅದಕ್ಕೇ ನೈವೇದ್ಯ. ಒಳಗಿನ ತಾಮ್ರ ಕಿಲುಬು ಹಿಡಿದರೆ ಡಿಪ್ಪಿನಲ್ಲಿ ದೀಪ, ದೂರದಲ್ಲಿ ಕತ್ತಲೆ. ಅಥವಾ ಅದರ ತಿರುವುಮುರುವು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅರ್ತಿಂಗು. ತಂತಿ ಉಳಿಸಲೆಂದು ಕಾರಿನ ಕಬ್ಬಿಣದ ಮೈಯನ್ನೇ ವಿದ್ಯುತ್ತು ವಾಪಸು ಬರುವ ದಾರಿಯಾಗಿ ಬಳಸಿದರು. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಡತ ಮೇಲಕ್ಕೆ ಹೋದರೆ ಸಾಲದು, ಸಹಿಯಾಗಿ ಕೆಳಕ್ಕೆ ಬಂದರೆ ತಾನೇ ಕೆಲಸ! ಕಾರಿನ ಮೈ ತುಕ್ಕು ಹಿಡಿದಾಗ, ಹೊಸ ಬಣ್ಣ ಬಳಿಸಿದಾಗ, ದೀಪದ ಬುಡದ ಸ್ಕ್ರೂ ಸಡಿಲವಾದಾಗ ಈ ವಾಪಸಿನ ದಾರಿ ಕಟ್ಟಿಕೊಳ್ಳುತ್ತದೆ. ಒಂದು ದೀಪ ಚೆನ್ನಾಗಿ ಉರಿದು ಇನ್ನೊಂದು ಮಾತ್ರ ಮಂಕಾದರೆ ಬಲ್ಬು ಬದಲಿಸುವ ಮೊದಲು ಅರ್ತಿಂಗು ನೋಡಬೇಕು.

ಇದರ ಲೆಕ್ಕವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಎರಡು ಹೆಡ್‌ಲೈಟುಗಳಿಗೆ ಸುಮಾರು 10 ಆಂಪಿಯರ್ ಹರಿಯುವಾಗ, ದಾರಿಯಲ್ಲಿ ಒಂದು ಓಮಿನ ಹತ್ತನೆಯ ಒಂದು ಭಾಗ ತಡೆ ಇದ್ದರೆ ಒಂದು ವೋಲ್ಟು ಅಲ್ಲೇ ನಷ್ಟ. ವೋಲ್ಟೇಜು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ 10 ಇಳಿಯುವುದಿಲ್ಲ, ಸುಮಾರು 30 ಇಳಿಯುತ್ತದೆ. ಇದನ್ನು ತಿಳಿಯದೆ ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬು ಹಾಕಿಸುವವರು ಬಹಳ. ಎರಡು ಬಲ್ಬಿಗೆ 17 ಆಂಪಿಯರಿನಷ್ಟು ಬೇಕಾಗುತ್ತದೆ. ಹಳೆಯ ಡೈನಮೋದ ಪೂರ್ಣ ಸಾಮರ್ಥ್ಯವೇ 20ರ ಆಸುಪಾಸು. ಆಗ ಸ್ವಿಚ್ಚು ಕಾಯುತ್ತದೆ, ಹೋಲ್ಡರು ಕರಗುತ್ತದೆ, ತಂತಿಯ ಹೊದಿಕೆ ಸುಡುತ್ತದೆ, ಎದುರಿನವನ ಕಣ್ಣು ಕತ್ತಲಿಡುತ್ತದೆ. ರಾಣಿಗಂಜಿನಲ್ಲೋ ಪುತ್ಲಿಬೌಲಿಯಲ್ಲೋ ಒಂದು ರಿಲೇ ಕೊಂಡು, ಬ್ಯಾಟರಿಯಿಂದ ದಪ್ಪ ತಂತಿಯನ್ನು ಫ್ಯೂಸಿನ ಮೂಲಕ ನೇರವಾಗಿ ಎಳೆಸಿದರೆ, ಇರುವ ಬಲ್ಬೇ ಹೊಸದರಂತೆ ಉರಿಯುತ್ತದೆ. ಈಚೆಗೆ ಹಳೆಯ ದೀಪದ ಗೂಡಿಗೆ ಎಲ್‌ಇಡಿ ಬಲ್ಬು ತುರುಕುವುದೂ ಹೆಚ್ಚಾಗಿದೆ. ಆ ಗೂಡಿನ ಕನ್ನಡಿ ತಂತುವಿಗಾಗಿ ಲೆಕ್ಕ ಹಾಕಿ ಮಾಡಿದ್ದು. ಬೇರೆ ಬಲ್ಬು ಇಟ್ಟರೆ ಬೆಳಕು ದಾರಿಗೆ ಬೀಳದೆ ಎದುರಿನವನ ಮುಖಕ್ಕೆ ಬೀಳುವುದೇ ಹೆಚ್ಚು.

ಇಷ್ಟೆಲ್ಲ ಆದರೂ ಹೆಡ್‌ಲೈಟಿಗೆ ಒಂದು ಭಾಗ್ಯವಿದೆ: ಕೆಟ್ಟರೆ ಯಜಮಾನನಿಗೆ ತಕ್ಷಣ ತಿಳಿಯುತ್ತದೆ, ರಿಪೇರಿಯೂ ಆಗುತ್ತದೆ. ಬ್ರೇಕ್ ಲೈಟಿಗೆ ಆ ಭಾಗ್ಯವಿಲ್ಲ. ಅದನ್ನು ಉರಿಸುವವನು ಅದನ್ನು ನೋಡಲಾರ. ಚರಿತ್ರೆಯಲ್ಲೂ ಅದು ಹಿಂದೆಯೇ ಉಳಿಯಿತು. 1914ರ ಸುಮಾರಿಗೆ ಅಮೆರಿಕದ ಮೂಕಿ ಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್ ತನ್ನ ಕಾರಿನ ಬ್ರೇಕು ಒತ್ತಿದರೆ ಹಿಂದೆ ‘ನಿಲ್ಲಿ’ ಎಂಬ ಫಲಕ ಏಳುವ ಹಾಗೆ ಮಾಡಿದ್ದಳೆಂದು ಹೇಳುತ್ತಾರೆ. ಆಕೆ ಪೇಟೆಂಟು ಪಡೆಯಲಿಲ್ಲ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ವೊವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಟ್ಯಾಕ್ಸಿಗಳ ಹಿಂದಿನ ಗಾಜಿನ ಬುಡದಲ್ಲಿ ಇನ್ನೊಂದು ಬ್ರೇಕ್ ಲೈಟು ಇಡಿಸಿದರು. ಹಿಂದಿನಿಂದ ಗುದ್ದುವ ಅಪಘಾತಗಳು ನೂರಕ್ಕೆ 60ರಷ್ಟು ಕಡಿಮೆಯಾದವು. 1986ರ ಮಾದರಿಯಿಂದ ಅಮೆರಿಕದಲ್ಲಿ ಆ ಮೂರನೆಯ ದೀಪ ಕಡ್ಡಾಯವಾಯಿತು. ಎಲ್ಲ ಕಾರಿಗೂ ಬಂದು ಕಣ್ಣಿಗೆ ರೂಢಿಯಾದ ಮೇಲೆ ಲಾಭ ನೂರಕ್ಕೆ 4ರ ಸುಮಾರಿಗೆ ಇಳಿಯಿತಾದರೂ, ದೇಶದ ಲೆಕ್ಕದಲ್ಲಿ ಅದೂ ಸಣ್ಣದಲ್ಲ. ನಮ್ಮ ಹಳೆಯ ಕಾರುಗಳಲ್ಲಿ ಆ ಮೂರನೆಯ ದೀಪವೂ ಇಲ್ಲ; ಇರುವುದು ಎರಡೇ, ಅವಾದರೂ ಉರಿಯಬೇಕು.

ಅವು ಕೆಡುವ ಬಗೆ ಹೀಗಿದೆ. ಹಳೆಯ ಕಾರುಗಳಲ್ಲಿ ಬ್ರೇಕ್ ಎಣ್ಣೆಯ ಕೊಳವೆಗೆ ಒಂದು ಸ್ವಿಚ್ಚು ಕೂಡಿಸಿರುತ್ತಾರೆ. ಎಣ್ಣೆಯ ಒತ್ತಡದಿಂದ ದೀಪ ಹತ್ತಬೇಕು. ಅದು ಸವೆದರೆ ಹಗುರವಾಗಿ ಬ್ರೇಕು ಹಿಡಿದಾಗ ದೀಪ ಹತ್ತುವುದೇ ಇಲ್ಲ, ಬಲವಾಗಿ ಒತ್ತಿದಾಗ ಮಾತ್ರ ಹತ್ತುತ್ತದೆ. ಪೆಡಲಿನ ಮೇಲೆಯೇ ಸ್ವಿಚ್ಚು ಇರುವ ಕಾರುಗಳಲ್ಲಿ ಅದರ ಜಾಗ ಸ್ವಲ್ಪ ಜರುಗಿದರೂ ದೀಪ ಹತ್ತದು, ಇಲ್ಲವೆ ರಾತ್ರಿಯೆಲ್ಲ ಹತ್ತಿಕೊಂಡೇ ಇದ್ದು ಬೆಳಿಗ್ಗೆ ಬ್ಯಾಟರಿ ಬರಿದು. ಬ್ರೇಕು ಒತ್ತಿದಾಗ ಇಂಡಿಕೇಟರೂ ಹಿಂದಿನ ಸಣ್ಣ ದೀಪವೂ ಒಟ್ಟಿಗೆ ಮಿಣುಗಿದರೆ ಅರ್ತಿಂಗು ಕಡಿದಿದೆ ಎಂದೇ ಅರ್ಥ. ವಿದ್ಯುತ್ತು ವಾಪಸಾಗಲು ಪಕ್ಕದ ದೀಪದ ದಾರಿ ಹಿಡಿದಿರುತ್ತದೆ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ತಂತುವಿನ ಬಲ್ಬು ಪೂರ್ತಿ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಅಷ್ಟರಲ್ಲೇ ಹಿಂದಿನ ಲಾರಿ ನಾಲ್ಕು ಮೀಟರ್ ಓಡಿರುತ್ತದೆ. ಸ್ವಿಚ್ಚು ಅರ್ಧ ಸೆಕೆಂಡು ತಡ ಮಾಡಿದರೆ ಇನ್ನೂ 11 ಮೀಟರ್. ಹಿಂದಿನ ಸೀಟಿನಲ್ಲಿ ಮಲಗಿರುವವರು ನಮ್ಮ ಮಕ್ಕಳು, ವಯಸ್ಸಾದ ತಾಯಿತಂದೆ. ಮುಂದಿನ ದೀಪಕ್ಕೆ ಸಾವಿರಾರು ರೂಪಾಯಿ ಸುರಿದು, ಹಿಂದಿನ ಬಲ್ಬು ಹೋಗಿ ಎಷ್ಟು ದಿನವಾಯಿತೆಂದು ತಿಳಿಯದೆ ಹೆದ್ದಾರಿಗೆ ಇಳಿಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ದೀಪಗಳ ತಪಾಸಣೆ ಆಗುತ್ತದೆ, ನಿಜ. ಆದರೆ ಬಲ್ಬು ಐದು ವರ್ಷ ಕಾಯುವುದಿಲ್ಲ. ಊರಿಗೆ ಹೊರಡುವ ಹಿಂದಿನ ಸಂಜೆ ಮನೆಯವರೊಬ್ಬರು ಕಾರಿನ ಹಿಂದೆ ನಿಂತು, ಇನ್ನೊಬ್ಬರು ಮೊದಲು ಹಗುರವಾಗಿ, ಆಮೇಲೆ ಬಲವಾಗಿ ಬ್ರೇಕು ಒತ್ತಿದರೆ ಎರಡು ನಿಮಿಷದ ಕೆಲಸ. ಒಬ್ಬರೇ ಇದ್ದರೆ ಕಾರಿನ ಹಿಂಭಾಗವನ್ನು ಗೋಡೆಯ ಹತ್ತಿರ ನಿಲ್ಲಿಸಿ, ಕನ್ನಡಿಯಲ್ಲಿ ಕೆಂಪು ಬೆಳಕು ಎರಡೂ ಕಡೆ ಬೀಳುತ್ತದೆಯೇ ನೋಡಬಹುದು. ಹಾಗೆಯೇ ನಮ್ಮ ಸಂಘದ ಕಾರ್ಯಕ್ರಮ ಮುಗಿದು ರಾತ್ರಿ ಒಬ್ಬೊಬ್ಬರಾಗಿ ಹೊರಡುವಾಗ, ಗೇಟಿನ ಬಳಿ ನಿಂತವರು ಮುಂದೆ ಹೋದ ಕಾರಿನ ಹಿಂದಿನ ದೀಪ ಉರಿಯದಿದ್ದರೆ ಕೂಗಿ ಹೇಳಿದರೆ ಸಾಕು. ಆ ದೀಪ ಕೆಟ್ಟದ್ದು ಕಾಣುವುದು ಅವರಿಗೆ ಮಾತ್ರ.