ಸಾಲ್ತಿಂಬಾಂಕರ ಕುಟುಂಬ

ಪಾಬ್ಲೊ ಪಿಕಾಸೊ 1905ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ತೈಲವರ್ಣಚಿತ್ರ. ಎತ್ತರ 212.8 ಸೆಂ.ಮೀ., ಅಗಲ 229.6 ಸೆಂ.ಮೀ. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ.

ಹಲಗೆಯ ಮೇಲೆ ಜಿಗಿಯುವವ ಎಂಬರ್ಥದ ಇಟಾಲಿಯನ್ ಪದದಿಂದ ಬಂದ ಸಾಲ್ತಿಂಬಾಂಕ್, ಊರೂರು ಅಲೆದು ಬೀದಿ, ಜಾತ್ರೆಗಳಲ್ಲಿ ಲಾಗ ಹಾಕಿ ಹೊಟ್ಟೆ ಹೊರೆಯುವವರ ಹೆಸರು. ಪಿಕಾಸೊ ಮೊಂಮಾರ್ತ್ರಿನ ಮೆದ್ರಾನೊ ಸರ್ಕಸ್ಸಿಗೆ ಆಗಾಗ ಹೋಗುತ್ತಿದ್ದುದರಿಂದ ಇದನ್ನು ಸರ್ಕಸ್ಸಿನ ಚಿತ್ರವೆಂದು ಬರೆಯುವುದುಂಟು; ಅದು ಸಾಲದು. ಇಲ್ಲಿ ಡೇರೆಯಿಲ್ಲ, ನೋಡುವವರಿಲ್ಲ, ಆಟವೂ ಇಲ್ಲ. ಬರಡು ನೆಲದ ಮೇಲೆ ಆರು ಮಂದಿ. ಯಾರ ನೋಟವೂ ಇನ್ನೊಬ್ಬರ ನೋಟವನ್ನು ಕೂಡುವುದಿಲ್ಲ. ವೇಷ ಇನ್ನೂ ಮೈಮೇಲಿದೆ, ದಣಿವು ನಿಂತ ನಿಲುವಿನಲ್ಲೇ ಕಾಣುತ್ತದೆ.

ಚಿತ್ರ ಒಂದೇ ಬೀಸಿಗೆ ಮೂಡಿದ್ದಲ್ಲ. 1980ರಲ್ಲಿ ಕಲಾ ಇತಿಹಾಸಕಾರ ಇ. ಎ. ಕಾರ್ಮೀನ್ ಪ್ರಕಟಿಸಿದ ಎಕ್ಸ್-ರೇ ಅಧ್ಯಯನದಿಂದ, ಒಂದೇ ಕ್ಯಾನ್ವಾಸಿನ ಮೇಲೆ ಪಿಕಾಸೊ ಬೇರೆ ಬೇರೆ ಸಂಯೋಜನೆಗಳನ್ನು ಬರೆದು ಮುಚ್ಚಿದ್ದು ತಿಳಿಯಿತು. ಮಾಸ್ಕೋದಲ್ಲಿರುವ ಸಿದ್ಧತಾಚಿತ್ರದಲ್ಲಿ ಹಿಂಬದಿಗೆ ಕುದುರೆ ಪಂದ್ಯವಿದೆ, ಪುಟ್ಟ ಹುಡುಗಿ ನಾಯಿಯನ್ನು ಸವರುತ್ತಿದ್ದಾಳೆ. ಅಂತಿಮ ಚಿತ್ರದಲ್ಲಿ ಪಂದ್ಯ ಅಳಿದಿದೆ. ನಾಯಿಯ ಜಾಗಕ್ಕೆ ಹೂಬುಟ್ಟಿ ಬಂದಿದೆ. ಈ ಚಿತ್ರದ ಖಾಲಿತನ ಕಲಾವಿದ ಒಂದೊಂದಾಗಿ ಅಳಿಸುತ್ತ ಪಡೆದದ್ದು.

ವ್ಯಕ್ತಿಗಳು ಯಾರು ಎಂಬುದು ಇತ್ಯರ್ಥವಾಗಿಲ್ಲ. ಚೌಕುಳಿ ಅಂಗಿಯ ಹಾಸ್ಯಪಾತ್ರ ಹಾರ್ಲೆಕ್ವಿನ್‌ನಲ್ಲಿ ಪಿಕಾಸೊನ ಮುಖಚಹರೆ ಸ್ಪಷ್ಟ. ಕೆಂಪು ಉಡುಪಿನ ಸ್ಥೂಲಕಾಯದ ವಿದೂಷಕ ಕವಿ ಅಪೊಲಿನೇರ್, ಹುಲ್ಲುಟೋಪಿಯ ಹೆಂಗಸು ಪಿಕಾಸೊನ ಸಂಗಾತಿ ಫರ್ನಾಂದ್ ಒಲಿವಿಯೇ ಎಂಬುದು ಊಹೆ. ಆದರೆ ಆ ವಿದೂಷಕ ಪಿಕಾಸೊನ ರೇಖಾಚಿತ್ರಗಳಲ್ಲಿ 'ತೀಯೊ ಪೆಪೆ' ಎಂಬ ಹೆಸರಿನಿಂದಲೇ ಬರುತ್ತಾನೆ.

1908ರಲ್ಲಿ ಆಂದ್ರೆ ಲೆವೆಲ್ 'ಕರಡಿಯ ಚರ್ಮ' ಎಂಬ ಸಂಗ್ರಾಹಕರ ಕೂಟಕ್ಕಾಗಿ ಇದನ್ನು 1,000 ಫ್ರಾಂಕಿಗೆ ಕೊಂಡ. 1914ರ ಮಾರ್ಚ್ 2ರಂದು ನಡೆದ ಆ ಕೂಟದ ಹರಾಜಿನಲ್ಲಿ ಮ್ಯೂನಿಕ್ಕಿನ ಕಲಾವ್ಯಾಪಾರಿ ಟಾನ್‌ಹೌಸರ್ 11,500 ಫ್ರಾಂಕ್ ಕೂಗಿದ. ಹೊಸ ಕಲೆಗೆ ಬೆಲೆಯುಂಟೆಂದು ಮಾರುಕಟ್ಟೆ ಒಪ್ಪಿದ್ದು ಆ ದಿನ.

ಮುಂದೆ ಚಿತ್ರ ಲೇಖಕಿ ಹೆರ್ತಾ ಕೋನಿಗ್‌ಳ ಮ್ಯೂನಿಕ್ ಮನೆ ಸೇರಿತು. 1915ರಲ್ಲಿ ಕವಿ ರಿಲ್ಕೆ ಅಲ್ಲಿ ಕೆಲವು ತಿಂಗಳು ತಂಗಿದ್ದ. 1922ರ ಫೆಬ್ರವರಿಯಲ್ಲಿ ಬರೆದ ಐದನೆಯ ಡುಯಿನೊ ಎಲಿಜಿಯನ್ನು ಆಕೆಗೇ ಅರ್ಪಿಸಿದ. ಆ ಕವಿತೆ ಈ ಚಿತ್ರದ ವರ್ಣನೆಯೆಂಬ ಮಾತು ಅರ್ಧಸತ್ಯ: 1907ರಲ್ಲೇ ರಿಲ್ಕೆ ಪ್ಯಾರಿಸ್ಸಿನ ಬೀದಿಯಲ್ಲಿ ಲಾಗ ಹಾಕುವ ಪೇರ್ ರೋಲ್ಯಾಂನ ತಂಡವನ್ನು ಕಂಡು ಅದರ ಬಗ್ಗೆ ಬರೆದಿದ್ದ. ಬೀದಿ, ಚಿತ್ರ ಎರಡೂ ಕವಿತೆಯಲ್ಲಿ ಬೆರೆತಿವೆ.

1931ರಲ್ಲಿ ಅಮೆರಿಕದ ಚೆಸ್ಟರ್ ಡೇಲ್ ಇದನ್ನು ಕೊಂಡ. ಆತನ ಉಯಿಲಿನಂತೆ 1963ರಲ್ಲಿ ಗ್ಯಾಲರಿಗೆ ಬಂತು. ಬೇರೆಡೆಯ ಪ್ರದರ್ಶನಗಳಿಗೆ ಎರವಲು ಕೊಡಬಾರದೆಂಬ ಷರತ್ತು ಅದರಲ್ಲಿತ್ತು.