ಕಾನೂನಿನ ಕಥೆ, ಭಾಗ 4: ‘ಅಶ್ಲೀಲವೇ?’ ಇಂದ ‘ಒಪ್ಪಿಗೆ ಇತ್ತೇ?’ವರೆಗೆ

ಗೋಳಗುಮ್ಮಟದ ಮ್ಯಾಲಿನ ಗ್ಯಾಲರಿ ನೆನಪದ ಅಲ್ಲ? ಈ ಕಡೆ ಗೋಡೆಗೆ ಪಿಸುಗುಟ್ಟಿದ್ದು ಆ ಕಡೆ ನಿಂತವರಿಗೂ ಕೇಳಿಸ್ತದ. ನಮ್ಮ ಫೋನೂ ಹಂಗ. ಒಬ್ಬರನ್ನ ನಂಬಿ ಕಳಿಸಿದ ಖಾಸಗಿ ಫೋಟೋ ಬೆಳಗಾಗೋದ್ರೊಳಗ ಹತ್ತು ಗ್ರೂಪಿನಾಗ ಇರಬಹುದು. ಇದಕ್ಕ ಕಾನೂನು ಏನು ಮಾಡ್ತು?

1860ರ ಭಾರತೀಯ ದಂಡ ಸಂಹಿತೆಯ 292ನೇ ಕಲಂ ಕೇಳಿದ್ದು ಒಂದೇ ಪ್ರಶ್ನೆ: ಇದು ಅಶ್ಲೀಲವೇ? ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಮಾರಿದ್ದಕ್ಕೆ ಮುಂಬೈನ ಪುಸ್ತಕದಂಗಡಿಯ ರಂಜಿತ್ ಉದೇಶಿ 1964ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಅದೇ ಪ್ರಶ್ನೆಯನ್ನು ಕಂಪ್ಯೂಟರಿಗೂ ತಂದಿತು.

ಆಮೇಲೆ ಮೊಬೈಲಿಗೆ ಕ್ಯಾಮೆರಾ ಬಂತು. ಈಗ ಪೆಟ್ಟು ಬೀಳುತ್ತಿದ್ದುದು ಚಿತ್ರದೊಳಗಿನ ಮನುಷ್ಯರಿಗೆ. 2009ರ ಅಕ್ಟೋಬರ್ 27ರಂದು ಜಾರಿಯಾದ 66ಇ ಕಲಂ ಬೇರೆಯೇ ಪ್ರಶ್ನೆ ಕೇಳಿತು: ಅವರ ಒಪ್ಪಿಗೆ ಇತ್ತೇ? ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೂ, ಹಂಚಿದರೂ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹುಡುಗರಿಗೂ ಹುಡುಗಿಯರಿಗೂ ಇದರ ರಕ್ಷಣೆ ಉಂಟು.

ಆದ್ರೂ ಹಳೇ ಪ್ರಶ್ನೆ ಹೋಗಲಿಲ್ಲ. 2012ರ ಫೆಬ್ರುವರಿಯಲ್ಲಿ, ನಮ್ಮ ವಿಧಾನಸಭೆಯೊಳಗೇ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡಿದ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಸದನದ ಮರ್ಯಾದೆ ಬಗ್ಗೆ ಭಾಳ ಮಾತಾಯ್ತು. ವಿಡಿಯೋದೊಳಗಿನ ಹೆಣ್ಣಿನ ಒಪ್ಪಿಗೆ ಬಗ್ಗೆ?

ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2013ರಲ್ಲಿ 354ಸಿ ಕಲಂ ಬಂತು. ಅದರ ವಿವರಣೆ ಹೇಳೋದು ಇಷ್ಟು: ಹೆಣ್ಣು ಚಿತ್ರ ತೆಗೆಯಲು ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧ. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ. ‘ಆಕಿನ ಕಳಿಸ್ಯಾಳಲ್ಲ’ ಅನ್ನೋರಿಗೆ ಇದೇ ಉತ್ತರ.

ಈಗ ಒಬ್ಬರ ಮುಖ ಇನ್ನೊಬ್ಬರ ಮೈಗೆ ಅಂಟಿಸೋ ಕಾಲ. 2021ರ ಐಟಿ ನಿಯಮಗಳು ಇಂಥ ತಿರುಚಿದ ಚಿತ್ರಗಳನ್ನೂ ಸೇರಿಸಿಕೊಂಡು, ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು ಆ್ಯಪ್ ಕಂಪನಿಗಳಿಗೆ ಹೇಳಿದವು.

ಕಾನೂನು ತಡಾ ಮಾಡಿ ಬಂದದ, ಆದ್ರ ಬಂದದ. ನಿಮಗ ಹಿಂಗಾದ್ರ ನಾಚಿಕೊಂಡು ಸುಮ್ನ ಕೂಡಬ್ಯಾಡ್ರಿ. ಸ್ಕ್ರೀನ್‌ಶಾಟ್, ಲಿಂಕ್ ಇಟ್ಕೊಳ್ರಿ. ತಿಕೋಟಾ, ಬಬಲೇಶ್ವರ, ವಿಜಯಪುರ, ಯಾವ ಠಾಣೆಗಾದ್ರೂ ಹೋಗ್ರಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನ್ಯಾಗ ಕುಂತೇ ದೂರು ಕೊಡಬಹುದು.

ಮತ್ತ ಗ್ರೂಪಿಗೆ ಅಂಥದ್ದು ಬಂದ್ರ ಮುಂದ ಕಳಿಸಬ್ಯಾಡ್ರಿ. ಕಳಿಸಿದವರೂ ಇದೇ ಕಲಮಿನಾಗ ಸಿಗಬೀಳ್ತಾರ.

ಸೇವ್ ಮಾಡ್ಕೊಳ್ರಿ, ಗೆಳತಿಯರಿಗೆ, ಗೆಳೆಯರಿಗೆ ತೋರಿಸ್ರಿ.